ಹಳೆ ಫೈಬರ್ ದೋಣಿಗೆ ಕಾಗದಪತ್ರ: ಕೊಡಗಿನ ಕರಡಿಗೋಡಿನ ಅಕ್ಕನ ಪ್ರಶ್ನೆಗೆ

ಅಕ್ಕ, ನೀವು ಕೇಳಿದ್ದು ಇಷ್ಟು ಅಲ್ವಾ: ಮಂಗಳೂರು ಕಡೆಯಿಂದ ಹಳೆ ಫೈಬರ್ ದೋಣಿ ತಂದಿದ್ದೀರಿ, ಜೊತೆಗೆ 9.9 ಎಚ್‌ಪಿ ಔಟ್‌ಬೋರ್ಡ್ ಇಂಜಿನ್, ಅಂದರೆ ದೋಣಿಯ ಹಿಂಭಾಗಕ್ಕೆ ಹೊರಗಿನಿಂದ ಬಿಗಿಯುವಂಥದ್ದು. ಮಾರಿದವರು ಕೊಟ್ಟಿದ್ದು ಒಂದು ಕೈಬರಹದ ಚೀಟಿ ಮಾತ್ರ, ಅವರಿಗೆ ಸ್ವಲ್ಪ ದುಡ್ಡು ಇನ್ನೂ ಬಾಕಿ ಇದೆ. ದೋಣಿಯ ಫೋಟೋನೂ ಹಾಕಿದ್ದೀರಿ. ಹೊಳೆ ಬದಿಯ ತೋಟ, ನೀರು ಏರಿದಾಗ ಓಡಾಡೋಕೆ ಬೇಕು. ರಿಜಿಸ್ಟ್ರೇಷನ್ ಮಾಡಿಸಬೇಕಾ?

ಮಾಡಿಸಬೇಕು. ಇಂಜಿನ್ ಇದೆಯಲ್ಲ, ಅದೇ ಕಾರಣ. 1917ರ ಹಳೆ ಕಾನೂನು ಹೋಗಿ ಈಗ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಅದರ ಪ್ರಕಾರ ಇಂಜಿನ್ ದೋಣಿಗೆ ಮೊದಲು ಸರ್ವೆ (ದೋಣಿಯ ತಪಾಸಣೆ), ಆಮೇಲೆ ನೋಂದಣಿ. ಬರೀ ಹುಟ್ಟು ಹಾಕುವ ದೋಣಿಗೆ ದಾರಿ ಬೇರೆ, ಅದನ್ನು ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಮಟ್ಟಕ್ಕೆ ಬಿಟ್ಟಿದ್ದಾರೆ. ನಿಮ್ಮ ಪ್ರಶ್ನೆಗೆ ಒಬ್ಬರು ಆರ್‌ಟಿಒಗೆ ಹೋಗಿ ಅಂತ ಉತ್ತರ ಬರೆದಿದ್ದಾರೆ. ಸುಮ್ನೆ ಅಲೆಯಬೇಡಿ. ದೋಣಿ ಎಳೆಯುವ ಟ್ರೇಲರ್ ಇದ್ದರೆ ಅದಕ್ಕೆ ಆರ್‌ಟಿಒ. ದೋಣಿ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಬಾಬತ್ತು.

ಆದರೆ ಕಚೇರಿ ಮೆಟ್ಟಿಲು ಹತ್ತುವ ಮೊದಲು ಕಾಗದ ಸರಿ ಮಾಡಿಕೊಳ್ಳಿ. ದೋಣಿ ಬೇರೆ ವಸ್ತು, ಇಂಜಿನ್ ಬೇರೆ ವಸ್ತು. ಜಾಸ್ತಿ ಜನ ಎರಡನ್ನೂ ಸೇರಿಸಿ ಒಂದೇ ಚೀಟಿ ಬರೆಸಿಕೊಳ್ಳುತ್ತಾರೆ. ನಾಳೆ ಇಂಜಿನ್ ಬದಲಾಯಿಸಿದರೆ, ಇಲ್ಲಾ ಕಳವಾದರೆ, ಆ ಚೀಟಿಯಿಂದ ಏನೂ ಸಾಬೀತಾಗಲ್ಲ. ಸ್ಟ್ಯಾಂಪ್ ಪೇಪರ್ ಮೇಲೆ ಮಾರಾಟದ ಪತ್ರ ಮಾಡಿಸಿ, ಎರಡಕ್ಕೂ ಬೆಲೆ ಬೇರೆ ಬೇರೆ ನಮೂದಿಸಿ. ಇಂಜಿನನ್ನು ದೋಣಿಯ ಹಿಂಭಾಗಕ್ಕೆ ಬಿಗಿಯುವ ಕ್ಲಾಂಪ್ ಬ್ರಾಕೆಟ್ ಇರುತ್ತದಲ್ಲ, ಅಲ್ಲಿ ಚಿಕ್ಕ ತಗಡಿನ ಮೇಲೆ ಮಾಡೆಲ್, ಸೀರಿಯಲ್ ನಂಬರ್ ಇರುತ್ತದೆ. ಉಪ್ಪುನೀರಲ್ಲಿ ಓಡಿದ ಇಂಜಿನ್ ಆದರೆ ತಗಡು ಬಿಳಿ ಪುಡಿ ಹಿಡಿದಿರುತ್ತದೆ. ಹಲ್ಲುಜ್ಜುವ ಹಳೆ ಬ್ರಷ್‌ನಲ್ಲಿ ಮೆತ್ತಗೆ ಉಜ್ಜಿ, ಉಪ್ಪು ಕಾಗದ ಮಾತ್ರ ಮುಟ್ಟಿಸಬೇಡಿ, ಅಂಕಿಯೇ ಹೋದೀತು. ಆಮೇಲೆ ಗಾಡಿಯ ಚಾಸಿ ಪ್ರಿಂಟ್ ತೆಗೆಯುವ ಹಾಗೆ ತೆಳು ಪೇಪರ್ ಇಟ್ಟು ಪೆನ್ಸಿಲ್ ಆಡಿಸಿ, ಫೋಟೋ ಕೂಡ ತೆಗೆದಿಡಿ. ದೋಣಿಯ ಉದ್ದ, ಅಗಲ, ಆಳ ಮೀಟರ್‌ನಲ್ಲಿ ಅಳೆದು ಬರೆದಿಡಿ. ದೋಣಿ ಮಾಡಿದ ಯಾರ್ಡಿನ ಬಿಲ್ಲು ಮಾರಿದವರ ಹತ್ತಿರ ಸಿಕ್ಕರೆ ಬಂಗಾರ, ಕೇಳಿ ನೋಡಿ.

ಇನ್ನೊಂದು ವಿಷಯ, ಇದು ಮುಖ್ಯ. ನಿಮ್ಮ ಫೋಟೋದಲ್ಲಿ ದೋಣಿಯ ಮೂತಿ ಹತ್ತಿರ ಮಾಸಿದ ಬಣ್ಣದಲ್ಲಿ ಐಎನ್‌ಡಿ-ಕೆಎ ಅಂತ ಶುರುವಾಗುವ ನಂಬರ್ ಕಾಣುತ್ತಿದೆ. ಅದು ಸಮುದ್ರದ ಮೀನುಗಾರಿಕೆ ದೋಣಿಯ ನಂಬರ್. ಹೊಳೆಗೆ ತಂದ ಮಾತ್ರಕ್ಕೆ ಅದು ನಡೆಯಲ್ಲ. ಹಾಗಂತ ಮೇಲೆ ಪೇಂಟ್ ಹೊಡೆದು ಮುಚ್ಚಬೇಡಿ. ಮಾರಿದವರಿಂದಲೇ ಮೀನುಗಾರಿಕೆ ಇಲಾಖೆಯಲ್ಲಿ ರದ್ದು ಮಾಡಿಸಿ, ಆ ಕಾಗದ ಕೈಗೆ ಬಂದ ಮೇಲೆ ಮುಂದಿನ ಕೆಲಸ. 2023ರ ಮೇ 7ರಂದು ಮಲಪ್ಪುರಂನ ತಾನೂರಿನಲ್ಲಿ 22 ಜನ ಮುಳುಗಿ ಸತ್ತದ್ದು ನೆನಪಿರಬೇಕಲ್ಲ? ಅದೂ ಮೀನು ದೋಣಿಯನ್ನೇ ಮಾರ್ಪಡಿಸಿ ಪ್ರವಾಸಿಗರನ್ನು ತುಂಬಿದ್ದು. ಸರ್ವೆಯವರು ಇಂಥ ದೋಣಿ ಕಂಡರೆ ಹತ್ತು ಪ್ರಶ್ನೆ ಕೇಳಿದರೆ ತಪ್ಪೇನಿಲ್ಲ. ಫೋಟೋದಲ್ಲಿ ನಿಮ್ಮ ದೋಣಿಯ ಮೇಲೆ ಕಟ್ಟಿದ ಆ ಶೀಟಿನ ಚಪ್ಪರ ನನಗಂತೂ ಇಷ್ಟವಾಗಲಿಲ್ಲ. ಭಾರ ಮೇಲಾದಷ್ಟೂ ದೋಣಿ ಮಗುಚೋದು ಸುಲಭ, ಬಿಚ್ಚಿಸಿಬಿಡಿ.

ನೋಂದಣಿ ಆಯ್ತು ಅಂದರೆ ಎಲ್ಲಿ ಬೇಕಾದರೂ ಓಡಿಸಬಹುದು ಅಂತಲ್ಲ. ಹಾರಂಗಿ ಹಿನ್ನೀರಿಗೆ ಇಳಿಸೋದಾದರೆ ನೀರಾವರಿಯವರನ್ನು ಕೇಳಬೇಕು, ದುಬಾರೆ ಕಡೆ ಕಾಡಿನ ದಡಕ್ಕೆ ಅರಣ್ಯದವರನ್ನು. ಹೋಂಸ್ಟೇ ಗೆಸ್ಟುಗಳನ್ನು ದುಡ್ಡಿಗೆ ಕೂರಿಸುವ ಯೋಚನೆ ಇದ್ದರೆ ಅರ್ಜಿಯಲ್ಲೇ ಹೇಳಿ. ಸ್ವಂತಕ್ಕೆ ಅಂತ ಬರೆದು ಬಾಡಿಗೆಗೆ ಓಡಿಸಿದರೆ ಅನಾಹುತವಾದ ದಿನ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ.

ಕಕ್ಕಡದ (ಜುಲೈ-ಆಗಸ್ಟ್ ತಿಂಗಳ) ಮಳೆಯಲ್ಲಿ ಯಾರೂ ಸರ್ವೆಗೆ ಬರೋದು ಕಷ್ಟ. ಈ ಸಲಕ್ಕೆ ಆಗದಿದ್ದರೆ ಸೆಪ್ಟೆಂಬರ್ ಶುರುವಿನ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಮಾರಿದವರಿಗೆ ಇವತ್ತೇ ಫೋನ್ ಮಾಡಿ. ಬಾಕಿ ದುಡ್ಡು ಇನ್ನೂ ಕೊಟ್ಟಿಲ್ಲ ಅಂದಿರಲ್ಲ, ರದ್ದತಿ ಕಾಗದ ಸಿಗುವ ತನಕ ಕೊಡಬೇಡಿ.