ಡಬ್ಬಿಯ ಬೇಕ್ಡ್ ಬೀನ್ಸ್‌ಗೆ ಒಗ್ಗರಣೆ ಹಾಕುವ ಹದ

ಪ್ರಶ್ನೆ: ಓದಲೆಂದು ಇಂಗ್ಲೆಂಡಿನ ಲೀಡ್ಸ್‌ಗೆ ಬಂದಿದ್ದೇನೆ. ಇಲ್ಲಿ ಬೇಕ್ಡ್ ಬೀನ್ಸ್ ಡಬ್ಬಿ ಅಗ್ಗ, ಹಾಗಾಗಿ ಸದಾ ಮನೆಯಲ್ಲಿರುತ್ತದೆ. ಈರುಳ್ಳಿ, ಖಾರದ ಪುಡಿ ಹಾಕಿ ಪಲ್ಯ ಮಾಡಿದರೂ ಸಿಹಿಯೇ ಮುಂದಾಗುತ್ತದೆ, ಕಾಳು ಮುದ್ದೆಯಾಗುತ್ತದೆ. ಏನು ಮಾಡಲಿ?

ಉತ್ತರ: ಹೆಸರು ‘ಬೇಕ್ಡ್’ ಎಂದಿದ್ದರೂ ಬ್ರಿಟನ್ನಿನ ಡಬ್ಬಿಯ ಕಾಳನ್ನು ಓವನ್‌ನಲ್ಲಿ ಬೇಯಿಸಿರುವುದಿಲ್ಲ. ಹ್ಯಾರಿಕೋ ಎಂಬ ಸಣ್ಣ ಬಿಳಿ ಕಾಳನ್ನು ಟೊಮೆಟೊ ಸಾಸ್ ಜೊತೆ ಡಬ್ಬಿಗೆ ತುಂಬಿ, ಮುಚ್ಚಿದ ಮೇಲೆ ಒತ್ತಡದಲ್ಲಿ ಬೇಯಿಸುತ್ತಾರೆ. ನಮ್ಮ ಕುಕ್ಕರ್ ಮಾಡುವ ಕೆಲಸವೇ. (ರಾಜ್ಮಾ, ಪಲ್ಯದ ಹಸಿ ಬೀನ್ಸ್, ಈ ಹ್ಯಾರಿಕೋ ಮೂರೂ ಒಂದೇ ಜಾತಿಯ ಗಿಡದವು.) ಕಾಳು ಆಗಲೇ ಪೂರ್ತಿ ಬೆಂದಿರುವುದರಿಂದ ನೀವು ಮಸಾಲೆ ಬೇಯಲೆಂದು ಕೈಯಾಡಿಸಿದಷ್ಟೂ ಅದು ಒಡೆಯುತ್ತದೆ. ಬೇಯಬೇಕಾದದ್ದು ಸಾಸ್ ಮಾತ್ರ.

ಆದ್ದರಿಂದ ಮೊದಲು ಎರಡನ್ನೂ ಬೇರೆ ಮಾಡಿ. 415 ಗ್ರಾಂ ಡಬ್ಬಿಯನ್ನು ಜರಡಿಗೆ ಸುರಿದು ಸಾಸ್ ಕೆಳಗಿನ ಬಟ್ಟಲಿಗೆ ಇಳಿಯಲು ಬಿಡಿ. ಬಾಣಲೆಯಲ್ಲಿ ಒಂದು ದೊಡ್ಡ ಚಮಚ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಚಿಟಿಕೆ ಇಂಗು, ಎರಡು ಸೀಳಿದ ಹಸಿಮೆಣಸಿನಕಾಯಿ, ನಾಲ್ಕು ಜಜ್ಜಿದ ಬೆಳ್ಳುಳ್ಳಿ ಹಾಕಿ. ಹೆಚ್ಚಿದ ಒಂದು ಈರುಳ್ಳಿ ಅಂಚು ಕೆಂಪಾಗುವವರೆಗೆ ಬಾಡಿಸಿ. ಒಂದೂವರೆ ಟೀ ಚಮಚ ಸಾರಿನ ಪುಡಿ ಸೇರಿಸಿ ಅರ್ಧ ನಿಮಿಷ ಹುರಿದು ಸಾಸ್ ಸುರಿಯಿರಿ. ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕುದಿದಾಗ ಬಣ್ಣ ಕಿತ್ತಳೆಯಿಂದ ಇಟ್ಟಿಗೆಗೆಂಪಿಗೆ ತಿರುಗಿ ಬದಿಯಲ್ಲಿ ಎಣ್ಣೆ ಬಿಡುತ್ತದೆ. ಸಾಸ್‌ನಲ್ಲಿ ಕಾರ್ನ್‌ಫ್ಲೋರೂ ಸಕ್ಕರೆಯೂ ಇರುವುದರಿಂದ ಉರಿ ಜೋರಾದರೆ ತಳ ಹಿಡಿಯುತ್ತದೆ. ಈಗ ಕಾಲು ಕಪ್ ಬಿಸಿನೀರು ಹಾಗೂ ಕಾಳು ಹಾಕಿ. ಸೌಟು ಆಡಿಸದೆ ಬಾಣಲೆಯನ್ನೇ ಅಲುಗಿಸಿ, ಎರಡು ನಿಮಿಷಕ್ಕೆ ಇಳಿಸಿ.

ಸಾಮಾನ್ಯ ಡಬ್ಬಿಯಲ್ಲಿ 100 ಗ್ರಾಂಗೆ ನಾಲ್ಕೈದು ಗ್ರಾಂ ಸಕ್ಕರೆ, ಅಂದರೆ ಇಡೀ ಡಬ್ಬಿಗೆ ಸುಮಾರು ನಾಲ್ಕು ಟೀ ಚಮಚ. ಬರೀ ಖಾರದಿಂದ ಅದು ಅಡಗುವುದಿಲ್ಲ, ಹುಳಿ ಬೇಕು. ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಸಾರಿನ ಪುಡಿಯ ಮೆಂತ್ಯದ ಕಹಿಯೂ ಕೈಹಿಡಿಯುತ್ತದೆ. ಬೆಲ್ಲ, ಕಾಯಿತುರಿ ಬೇಡವೇ ಬೇಡ. ಉಪ್ಪು ಡಬ್ಬಿಯಲ್ಲೇ ಅರ್ಧ ಟೀ ಚಮಚದಷ್ಟಿದೆ, ರುಚಿ ನೋಡದೆ ಹಾಕಬೇಡಿ. ಕಾಳು ತೊಳೆದು ಸಾಸ್ ಚೆಲ್ಲುವವರೂ ಇದ್ದಾರೆ. ಅದರ ಬದಲು ಬರೀ ನೀರಿನಲ್ಲಿರುವ ಹ್ಯಾರಿಕೋ ಡಬ್ಬಿಯನ್ನೇ ಕೊಳ್ಳುವುದು ವಾಸಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಅಮೆರಿಕದಲ್ಲಿದ್ದೇವೆ. ಈ ಡಬ್ಬಿ ತಿನ್ನಬಹುದೇ? ಉಳಿದರೆ ಹಾಗೆಯೇ ಫ್ರಿಜ್ಜಿನಲ್ಲಿ ಇಡಬಹುದೇ?

ಉತ್ತರ: ಲೇಬಲ್ ಓದದೆ ತಿನ್ನಬೇಡಿ. ಅಮೆರಿಕದ ಬೇಕ್ಡ್ ಬೀನ್ಸ್‌ನಲ್ಲಿ ಹಂದಿಯ ಮಾಂಸ ಅಥವಾ ಕೊಬ್ಬು ಸೇರಿಸುವುದು ವಾಡಿಕೆ. ‘ವೆಜಿಟೇರಿಯನ್’ ಎಂದು ಬರೆದ ಡಬ್ಬಿಗಳೂ ಸಿಗುತ್ತವೆ, ಆದರೆ ಕಾಕಂಬಿಯೋ ಕಂದು ಸಕ್ಕರೆಯೋ ಬಿದ್ದು ಬ್ರಿಟನ್ನಿನದಕ್ಕಿಂತ ಬಹಳ ಸಿಹಿ. ಉಳಿದದ್ದನ್ನು ಗಾಜಿನ ಡಬ್ಬಕ್ಕೆ ಸುರಿದು ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸಿ. ತೆರೆದ ತವರದಲ್ಲಿ ಬಿಟ್ಟರೆ ಲೋಹದ ರುಚಿ ಹತ್ತುತ್ತದೆ. ಉಬ್ಬಿದ, ಸೋರುವ ಅಥವಾ ಅಂಚಿನ ಬೆಸುಗೆಯಲ್ಲಿ ನೆಗ್ಗಿದ ಡಬ್ಬಿಯನ್ನು ರುಚಿಯನ್ನೂ ನೋಡದೆ ಎಸೆಯಿರಿ.