ವ್ರತ ಬಿಡದ ಹೆಂಡತಿ, ಟೆಸ್ಟಿಗೆ ಒಪ್ಪದ ಗಂಡ

ಸಲಹೆ ಕೇಳಿಕೊಂಡು ನನ್ನ ಬಳಿ ಬಂದವರು ಶಿಡ್ಲಘಟ್ಟ ಕಡೆಯ ದಂಪತಿ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ಆತ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ನಡೆಸುತ್ತಾನೆ. ಆಕೆ ಬಿ.ಎ. ಓದಿದ್ದಾಳೆ, ಮನೆಯಲ್ಲೇ ಇರುತ್ತಾಳೆ. ಜೊತೆಗೆ ಅತ್ತೆ ಇದ್ದಾರೆ.

ಮೊದಲು ಮಾತು ಶುರು ಮಾಡಿದ್ದು ಆತ. "ಮೇಡಂ, ಇವಳಿಗೆ ಸ್ವಲ್ಪ ಬುದ್ಧಿ ಹೇಳಿ. ದೇವರು ದಿಂಡರು ಅಂತ ದುಡ್ಡೆಲ್ಲ ಸುರೀತಾ ಇದಾಳೆ. ನಮ್ಮಮ್ಮನೂ ಇವಳೂ ಸೇರಿ ಮನೇನ ಮಠ ಮಾಡಿದ್ದಾರೆ. ನಾನು ಇದನ್ನೆಲ್ಲ ನಂಬೋನಲ್ಲ. ಎಚ್. ನರಸಿಂಹಯ್ಯನವರ ಊರಿನ ಕಡೆಯೋನು ನಾನು." ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ವಿಚಾರವಾದಿ ನರಸಿಂಹಯ್ಯನವರ ಹೆಸರು ನಮ್ಮ ಜಿಲ್ಲೆಯಲ್ಲಿ ಇವತ್ತಿಗೂ ಹೀಗೆ ಹೆಮ್ಮೆಯಿಂದ ಬರುತ್ತದೆ. ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು. ಆತನನ್ನು ಹೊರಗೆ ಕೂರಿಸಿ ಆಕೆಯ ಮಾತು ಕೇಳಿದೆ.

ಮದುವೆಯಾದ ಮೂರನೇ ವರ್ಷ ಅತ್ತೆ ಜಾತಕ ತೋರಿಸಿದ್ದರು. ಸರ್ಪದೋಷ, ಯಾವುದೋ ಜನ್ಮದಲ್ಲಿ ಹಾವು ಕೊಂದ ಪಾಪ ಅಂದರಂತೆ. ಗಂಡ ಬರಲಿಲ್ಲ. ಭಾವ, ಓರಗಿತ್ತಿ ಮುಂದೆ ನಿಂತು ವಿದುರಾಶ್ವತ್ಥದಲ್ಲಿ ನಾಗರಕಲ್ಲು ಪ್ರತಿಷ್ಠೆ ಮಾಡಿಸಿದರು. ಖರ್ಚಿಗೆ ಸಂಘದಲ್ಲಿ ಸಾಲ. ಅಲ್ಲಿಗೆ ಹೋದವರಿಗೆ ಗೊತ್ತಿರುತ್ತದೆ: ದೇವಸ್ಥಾನದ ಸುತ್ತ ಸಾಲುಸಾಲು ನಾಗರಕಲ್ಲುಗಳು, ಅರಿಶಿನ ಕುಂಕುಮ ಮೆತ್ತಿಕೊಂಡು ನಿಂತಿವೆ. ಎಷ್ಟೋ ಕಲ್ಲುಗಳ ಹಿಂದೆ ಒಂದೊಂದು ಮನೆಯ ಆಸೆ ಇದೆ. ನಾನು ದೋಷವನ್ನು ನಂಬುವುದಿಲ್ಲ. ಆದರೆ ಆ ಕಲ್ಲುಗಳನ್ನು ನೋಡಿ ನಗಲು ನನ್ನಿಂದ ಆಗುವುದಿಲ್ಲ.

ವರ್ಷ ಕಳೆದರೂ ಏನೂ ಆಗಲಿಲ್ಲ. ಮತ್ತೆ ಹೋಗಿ ಕೇಳಿದರೆ, "ನಿಷ್ಠೆ ಸಾಲದು, ಮಡಿಯಲ್ಲಿ ಏನೋ ತಪ್ಪಾಗಿದೆ" ಎಂಬ ಉತ್ತರ. ನನಗೆ ಸಿಟ್ಟು ಬರುವುದು ಇಲ್ಲೇ. ಮಗುವಾದರೆ ಪೂಜೆಯ ಮಹಿಮೆ, ಆಗದಿದ್ದರೆ ಸೊಸೆಯ ತಪ್ಪು. ಈ ಲೆಕ್ಕದಲ್ಲಿ ಪರಿಹಾರ ಯಾವತ್ತೂ ಸೋಲುವುದಿಲ್ಲ. ಸೋಲುವವಳು ಅವಳೊಬ್ಬಳೇ. ಓರಗಿತ್ತಿಯ ಸೀಮಂತದಲ್ಲಿ ಆರತಿ ತಟ್ಟೆಗೆ ಕೈ ಹಾಕಿದಾಗ ಯಾರೋ ದೊಡ್ಡವರು ಸುಮ್ನೆ ತಟ್ಟೆಯನ್ನು ಆಚೆ ಸರಿಸಿದರಂತೆ. ಬೈಯಲಿಲ್ಲ, ಮಾತೇ ಆಡಲಿಲ್ಲ. ಇದನ್ನು ಹೇಳುವಾಗ ಆಕೆ ಅಳಲಿಲ್ಲ. ಬೆರಳಿನಿಂದ ನನ್ನ ಮೇಜಿನ ಮೇಲೆ ತಟ್ಟೆ ಸರಿದ ದೂರ ತೋರಿಸಿದಳು. ಒಂದು ಗೇಣು ಇತ್ತು.

ಆಮೇಲೆ ಶುರುವಾದದ್ದು ವ್ರತದ ಮೇಲೆ ವ್ರತ. ಇಲ್ಲಿ ಒಂದು ವಿಷಯ ಗಮನಿಸಬೇಕು. ಆಕೆಗೆ ಥೈರಾಯ್ಡ್ ಹಾರ್ಮೋನು ಕಡಿಮೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ಮಾತ್ರೆ ನುಂಗಬೇಕು, ಅರ್ಧ ಗಂಟೆಯಾದರೂ ಬಿಟ್ಟು ತಿಂಡಿ ತಿನ್ನಬೇಕು. ಆದರೆ 48 ದಿನದ ಮಂಡಲ ವ್ರತದಲ್ಲಿ ಪೂಜೆ ಮುಗಿಯುವವರೆಗೆ ಬಾಯಿಗೆ ಹನಿ ನೀರೂ ಹಾಕುವಂತಿಲ್ಲ ಎಂದು ಅತ್ತೆ ಹೇಳಿದ್ದರು. ಪೂಜೆ ಮುಗಿದರೆ ಹಾಲು, ಹಣ್ಣು, ಅಡುಗೆ ಕೆಲಸ. ಮಾತ್ರೆ ತಪ್ಪಿಹೋಗುತ್ತಿತ್ತು. ಥೈರಾಯ್ಡ್ ಕಡಿಮೆಯಾದರೆ ಮುಟ್ಟು ಏರುಪೇರಾಗಬಹುದು, ಅಂಡಾಣು ಬಿಡುಗಡೆಯಾಗುವುದೂ ತಪ್ಪಬಹುದು. ಮಗು ಬೇಕೆಂದು ಹಿಡಿದ ವ್ರತವೇ ಮಗುವಿಗೆ ಅಡ್ಡ ಬರುವಂತಿತ್ತು.

"ಇಷ್ಟೆಲ್ಲ ಮಾಡಿದ್ದರಲ್ಲಿ ನಿಮಗೆ ಖುಷಿ ಅನ್ನಿಸಿದ್ದು ಯಾವುದಮ್ಮಾ?" ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿದಳು. ಮದುವೆಗೆ ಮುಂಚೆ ತವರಲ್ಲಿ ಮಾಡುತ್ತಿದ್ದ ನಾಗರಪಂಚಮಿಯ ಮಾತು ಬಂತು. ಅತ್ತಿಗೆಯ ಜೊತೆ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಕಟ್ಟುವುದು, ತಂಬಿಟ್ಟಿಗೆ ಏಲಕ್ಕಿ ಜಾಸ್ತಿ ಹಾಕಿ ಅಮ್ಮನಿಂದ ಬೈಸಿಕೊಳ್ಳುವುದು, ಹುತ್ತಕ್ಕೆ ತನಿ ಎರೆದು ಬೇಲಿ ಸಂದಿಯಲ್ಲಿ ಕೂತು ಹರಟುವುದು. "ಆವಾಗ ನಾನು ಏನೂ ಬೇಡಿಕೊಳ್ತಿರಲಿಲ್ಲ ಮೇಡಂ" ಅಂದಳು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ, ಅದರ ಊಟ ಇಲಿ ಕಪ್ಪೆ ಎಂಬುದು ಆಕೆಗೂ ಗೊತ್ತು. ಆ ಹಬ್ಬದ ಸುಖಕ್ಕೂ ಹಾವು ಹಾಲು ಕುಡಿಯುವುದಕ್ಕೂ ಸಂಬಂಧವೇ ಇರಲಿಲ್ಲ.

ಇನ್ನು ಗಂಡ. ಏಳು ವರ್ಷದಲ್ಲಿ ಹೆಂಡತಿಗೆ ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಗರ್ಭನಾಳದ ಎಕ್ಸ್‌ರೇ ಎಲ್ಲ ಆಗಿವೆ. ಆತನ ವೀರ್ಯ ಪರೀಕ್ಷೆ ಒಮ್ಮೆಯೂ ಆಗಿಲ್ಲ. ಕೇಳಿದ್ದಕ್ಕೆ, "ನಂಗೇನಾಗಿದೆ ಮೇಡಂ? ಚೆನ್ನಾಗೇ ಇದೀನಲ್ಲ" ಅಂದ.

"ಚೆನ್ನಾಗಿದ್ದೀರಿ ಅಂತ ಹೇಗೆ ಗೊತ್ತು?"

ಉತ್ತರ ಬರಲಿಲ್ಲ. ಆಗ ಆತನೇ ತಂದ ಹೆಸರನ್ನು ನಾನೂ ಎತ್ತಿದೆ. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಪವಾಡ ಮಾಡುವವರನ್ನು ಅವರು ಕೇಳಿದ್ದು ಒಂದೇ: ಪರೀಕ್ಷೆಗೆ ಒಡ್ಡಿಕೊಳ್ಳಿ. "ನಿಮ್ಮ ಹೆಂಡತಿಯ ದೇವರನ್ನು ಪರೀಕ್ಷೆ ಮಾಡಬೇಕು ಅಂತೀರಿ. ನಿಮ್ಮ ಗಂಡಸ್ತನವನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಕು ಅಂತೀರಿ. ಇದು ಮೂಢನಂಬಿಕೆ ಅಲ್ವಾ?" ಆತನ ಮುಖ ಕೆಂಪಾಯಿತು. ಎದ್ದು ಹೋಗಬಹುದೆಂದುಕೊಂಡೆ, ಹೋಗಲಿಲ್ಲ. ಜ್ಯೋತಿಷಿಯ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ ಎಂದು ಮಾತು ಬದಲಿಸಿದ. ಕರ್ನಾಟಕದಲ್ಲಿ ಮಾಟ, ವಾಮಾಚಾರ, ಅಮಾನವೀಯ ಆಚರಣೆಗಳ ವಿರುದ್ಧ 2017ರ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ. ಆದರೆ ಜಾತಕ ನೋಡುವುದು, ವಾಸ್ತು ಹೇಳುವುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಅದನ್ನೂ ತಿಳಿಸಿ ಮತ್ತೆ ಟೆಸ್ಟಿನ ಮಾತಿಗೇ ಬಂದೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆ. ಎರಡರಿಂದ ಏಳು ದಿನ ಸಂಪರ್ಕ ಬಿಟ್ಟು ಒಂದು ಸ್ಯಾಂಪಲ್ ಕೊಟ್ಟರೆ ಆಯಿತು. ಆಪರೇಷನ್ ಇಲ್ಲ, ಸೂಜಿಯೂ ಇಲ್ಲ.

ಆಕೆಗೆ ಪೂಜೆ ಬಿಡಿ ಎಂದು ನಾನು ಹೇಳಲಿಲ್ಲ. ಬಿಡಿಸಿದರೆ ಆಕೆಯ ಮನಸ್ಸಿನಲ್ಲಿ ಮತ್ತೊಂದು ಪಾಪ ಸೇರುತ್ತಿತ್ತು ಅಷ್ಟೇ. ಎದ್ದ ಕೂಡಲೇ ಮಾತ್ರೆ, ಆಮೇಲೆ ದೀಪ ಎಂದೆ. ಮಾತ್ರೆ ತಪ್ಪಿಸುವ ವ್ರತ ಯಾವುದೂ ಬೇಡ. ಸಂಘದ ಸಾಲ ತೀರುವವರೆಗೆ ಹೊಸ ಪರಿಹಾರಕ್ಕೆ ದುಡ್ಡು ಕೊಡಬೇಡಿ. ಯಾರಾದರೂ ಹೊಸ ಶಾಂತಿ, ಹೋಮ ಹೇಳಿದರೆ ಒಂದೇ ಪ್ರಶ್ನೆ ಕೇಳಿ: ಇದರಿಂದ ಫಲ ಸಿಗದಿದ್ದರೆ ತಪ್ಪು ಯಾರದು? ನಿಮ್ಮದೇ ಎಂದು ಉತ್ತರ ಬಂದರೆ ಎದ್ದು ಬನ್ನಿ. ತವರಿನ ಪಂಚಮಿಗೆ ಮಾತ್ರ ತಪ್ಪದೆ ಹೋಗಿ ಎಂದೂ ಹೇಳಿದೆ.

ಗಂಡನಿಗೆ ಹೇಳಿದ್ದು: ಅವಳ ದೇವರ ಬಗ್ಗೆ ಅಣಕ ನಿಲ್ಲಿಸಿ. ಸೀಮಂತವಾಗಲಿ ನಾಮಕರಣವಾಗಲಿ, ಅವಳ ಪಕ್ಕದಲ್ಲಿ ನಿಲ್ಲಿ. ತಟ್ಟೆ ಸರಿಸುವ ಕೈಯನ್ನು ತಡೆಯುವುದು ನಿಮ್ಮ ಕೆಲಸ. ನೀವು ಏನನ್ನೂ ನಂಬುವುದಿಲ್ಲ ಎಂಬುದರಿಂದ ಅವಳಿಗೆ ಇವತ್ತಿನವರೆಗೆ ಯಾವ ನೆಮ್ಮದಿಯೂ ಸಿಕ್ಕಿಲ್ಲ.

ಎರಡು ತಿಂಗಳು ಸುಳಿವಿರಲಿಲ್ಲ. ಆಮೇಲೆ ಟೆಸ್ಟ್ ಮಾಡಿಸಿಕೊಂಡು ಬಂದರು. ಆತನ ವೀರ್ಯಾಣುಗಳ ಸಂಖ್ಯೆ ಕಡಿಮೆಯಿತ್ತು, ಮತ್ತೊಮ್ಮೆ ನೋಡಿದಾಗಲೂ ಹಾಗೇ ಇತ್ತು. ಗೂಡು ಬೇಯಿಸುವ ಬಿಸಿನೀರಿನ ಬಳಿ ದಿನವಿಡೀ ಕೂರುವುದು, ಬೀಡಿ, ಎರಡನ್ನೂ ಕಡಿಮೆ ಮಾಡಿ ಎಂದು ವೈದ್ಯರು ಹೇಳಿದ್ದಾರೆ. ಹೊಸ ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಹಾಗಾಗಿ ಕಾಯಬೇಕು. ಆಕೆಯ ಥೈರಾಯ್ಡ್ ಹತೋಟಿಗೆ ಬಂದಿದೆ. ಮಗು ಇನ್ನೂ ಆಗಿಲ್ಲ. ಆಗುತ್ತದೆ ಎಂದು ನಾನು ಮಾತು ಕೊಟ್ಟಿಲ್ಲ.

ರಿಪೋರ್ಟ್ ವಿಷಯ ಅತ್ತೆಗೆ ಗೊತ್ತಿಲ್ಲ. ಅವರ ಕಣ್ಣಿನಲ್ಲಿ ಇವತ್ತಿಗೂ ದೋಷ ಸೊಸೆಯದೇ. ಅದನ್ನು ಆಕೆ ಹೇಳಬಾರದು, ನೀವೇ ನಿಮ್ಮ ತಾಯಿಗೆ ಹೇಳಬೇಕು ಎಂದು ಆತನಿಗೆ ತಿಳಿಸಿದ್ದೇನೆ. ಒಪ್ಪಿದ್ದಾನೆ. ಮುಂದಿನ ಸಲ ತಾಯಿಯನ್ನೂ ಕರೆದುಕೊಂಡು ಬರುತ್ತಾನೆ.