ವೀಲ್‌ಚೇರ್‌ನಲ್ಲಿರುವ ಅಮ್ಮನನ್ನು ಹಂಪಿಗೆ ಕರೆದುಕೊಂಡು ಹೋಗಬಹುದಾ?

ಅಮ್ಮ ವೀಲ್‌ಚೇರ್‌ನಲ್ಲಿದ್ದಾರೆ, ಹಂಪಿ ನೋಡಬೇಕು ಅಂತಿದ್ದಾರೆ, ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ಅಪ್ಪನಿಗೆ ಲಕ್ವ ಹೊಡೆದ ಮೇಲೆ ನಾನು ಅವರನ್ನು ಎರಡು ಸಲ ಕರೆದುಕೊಂಡು ಹೋಗಿದ್ದೇನೆ.

ಮೊದಲ ಸಲ ತುಂಬಾ ಕಷ್ಟವಾಯಿತು. ಕಾರಣ ಹಂಪಿಯ ಕಲ್ಲು ಮೆಟ್ಟಿಲು ಅಂದುಕೊಳ್ಳಬೇಡಿ, ಉಳಿದುಕೊಂಡ ಜಾಗದ ಬಾತ್‌ರೂಮು. ಫೋನಿನಲ್ಲಿ ಕೇಳಿದಾಗ ‘ವೀಲ್‌ಚೇರ್ ಬರುತ್ತೆ ಸಾರ್, ಏನೂ ತೊಂದರೆ ಇಲ್ಲ’ ಅಂದಿದ್ದರು. ರೂಮಿನವರೆಗೆ ಬಂತು, ನಿಜ. ಆದರೆ ಬಾತ್‌ರೂಮಿನ ಬಾಗಿಲು 24 ಇಂಚು, ಅಪ್ಪನ ಕುರ್ಚಿ 26. ಆ ಎರಡು ಇಂಚಿನಿಂದಾಗಿ ಅಪ್ಪ ಮೂರು ದಿನ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು, ನನಗೆ ಹೇಳಿದ್ದು ಊರಿಗೆ ವಾಪಸ್ ಬರುವಾಗ. ಹಾಗಾಗಿ ‘ಸೌಲಭ್ಯ ಇದೆಯಾ’ ಅಂತ ಸುಮ್ನೆ ಕೇಳಬೇಡಿ. ಬಾಗಿಲಿಗೆ ಟೇಪ್ ಹಿಡಿದು ಫೋಟೊ ತೆಗೆದು ವಾಟ್ಸಾಪ್ ಮಾಡಿ ಅನ್ನಿ. ಹೊಸ್ತಿಲು ಎಷ್ಟು ಎತ್ತರ, ಕಮೋಡಿನ ಪಕ್ಕ ಹಿಡಿದುಕೊಳ್ಳಲು ಕಂಬಿ ಇದೆಯಾ, ಅದೂ ಕೇಳಿ.

ಇನ್ನು ಹಂಪಿ. ಮೊದಲ ದಿನ ಕಮಲ ಮಹಲ್, ಗಜಶಾಲೆ ಕಡೆ ಹೋಗಿ. ಅಲ್ಲಿ ನೆಲ ಹೆಚ್ಚುಕಡಿಮೆ ಸಮತಟ್ಟು, 11 ಕೋಣೆಗಳ ಗಜಶಾಲೆ ದೂರದಿಂದಲೇ ಪೂರ್ತಿ ಕಾಣುತ್ತೆ. ಮೇಲಿನಿಂದ ಹಂಪಿ ಪೂರ್ತಿ ಕಾಣುವ ಮಾತಂಗ ಬೆಟ್ಟ ಹತ್ತಲು ಆಗಲ್ಲ, ಅದರ ಬದಲು ಕಮಲಾಪುರದ ಮ್ಯೂಸಿಯಮ್ಮಿನಲ್ಲಿ ಇಡೀ ಹಂಪಿಯ ಮಾದರಿ ಇದೆ, ಯಾವುದು ಎಲ್ಲಿದೆ ಅಂತ ಅಮ್ಮನಿಗೆ ತೋರಿಸಬಹುದು. ವಿಠ್ಠಲ ದೇವಸ್ಥಾನಕ್ಕೆ ಗಾಡಿ ನಿಲ್ಲಿಸುವ ಜಾಗದಿಂದ ಸುಮಾರು ಒಂದು ಕಿಲೋಮೀಟರ್, ಬ್ಯಾಟರಿ ವಾಹನ ಸಿಗುತ್ತೆ, ಮಡಚುವ ಕುರ್ಚಿ ಇದ್ದರೆ ಒಳ್ಳೆಯದು. ಅಂಗಳದ ಹಾಸುಗಲ್ಲಿನ ಸಂದಿಗೆ ಮುಂದಿನ ಪುಟ್ಟ ಚಕ್ರ ಸಿಕ್ಕಿಕೊಳ್ಳುತ್ತೆ. ಮುಂದಕ್ಕೆ ತಳ್ಳಬೇಡಿ, ಕುರ್ಚಿಯನ್ನು ಹಿಂದಕ್ಕೆ ವಾಲಿಸಿ ದೊಡ್ಡ ಚಕ್ರದ ಮೇಲೇ ನಿಧಾನವಾಗಿ ಎಳೆಯಿರಿ. ಮಂಟಪಗಳನ್ನು ಕೆಳಗಿನಿಂದ ನೋಡಬೇಕು. ಆದರೆ ಕಲ್ಲಿನ ರಥ ಅಂಗಳದಲ್ಲೇ ಇದೆ ಅಲ್ವಾ, ಅದರ ಪೀಠದ ಕೆತ್ತನೆ ಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೇ ಬರುತ್ತೆ. ಅಪ್ಪ ಒಂದೊಂದೇ ಕುದುರೆ ನೋಡುತ್ತಾ ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ.

ಮೆಟ್ಟಿಲು ಬಂದ ಕೂಡಲೇ ನಾಲ್ಕು ಜನ ಓಡಿಬಂದು ಎತ್ತಲು ನಿಲ್ಲುತ್ತಾರೆ. ಒಳ್ಳೆಯ ಮನಸ್ಸಿನವರು. ಆದರೂ ಮೊದಲು ಅಮ್ಮನನ್ನು ಕೇಳಿ. ಅಪ್ಪ ‘ಮೂಟೆ ತರ ಎತ್ತಬೇಡ್ರಪ್ಪ’ ಅಂದುಬಿಟ್ಟರು, ವಿರೂಪಾಕ್ಷನಿಗೆ ಹೊರಗಿನಿಂದಲೇ ಕೈಮುಗಿದರು. ನನಗೆ ಇವತ್ತಿಗೂ ನೋವಾಗುವುದು ಅದಕ್ಕೇ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು ಅನ್ನುವ ಲೆಕ್ಕ ಎಂಜಿನಿಯರುಗಳಿಗೆ ಗೊತ್ತಿದೆ. ಹಳೇ ಕಲ್ಲಿಗೆ ಕೈ ಹಚ್ಚದೆ, ಬೇಕಾದಾಗ ತೆಗೆಯುವಂಥ ಮರದ ರ‍್ಯಾಂಪ್ ಇಡಬಹುದು. ಎಷ್ಟೋ ಕಡೆ ಇಬ್ಬರು ತಳ್ಳಿದರೂ ಏರದಷ್ಟು ಕಡಿದಾಗಿ ಸಿಮೆಂಟ್ ಮೆತ್ತಿರುತ್ತಾರೆ, ಅದು ಯಾರಿಗೂ ಉಪಯೋಗವಿಲ್ಲ. ಕಣ್ಣು ಕಾಣದವರ ಕಥೆಯೂ ಹಾಗೇ. ವಿಠ್ಠಲ ದೇವಸ್ಥಾನದಲ್ಲಿ ತಟ್ಟಿದರೆ ನಾದ ಹೊರಡುವ ಸಂಗೀತ ಕಂಬಗಳನ್ನು ಮುಟ್ಟುವಂತಿಲ್ಲ, ಅದು ಸರಿಯೇ, ಆದರೆ ಪಕ್ಕದಲ್ಲಿ ಮುಟ್ಟಿ ನೋಡಲು ಕಲ್ಲಿನ ಒಂದು ಪ್ರತಿಕೃತಿ ಇಡಬಹುದಲ್ವಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನೆಲ್ಲ ಹಕ್ಕು ಅಂತಲೇ ನೋಡುತ್ತೆ. ಅಲ್ಲಿ ತೊಂದರೆಯಾದರೆ ಬರೆದು ಕೊಟ್ಟು ಬನ್ನಿ.

ನವೆಂಬರಿನಿಂದ ಜನವರಿ ಒಳಗೆ ಹೋಗಿ, ಬೆಳಗ್ಗೆ ಬೇಗ ಹೊರಡಿ, ಮಧ್ಯಾಹ್ನ ಬಂಡೆ ಕಾದು ಕೆಂಡವಾಗಿರುತ್ತೆ. ಅಮ್ಮನ ಕುರ್ಚಿಯ ಅಗಲ ಎಷ್ಟು ಅಂತ ತಿಳಿಸಿ. ಎರಡನೇ ಸಲ ನಾವು ಉಳಿದ ಜಾಗದ ಬಾಗಿಲ ಅಳತೆ, ಫೋಟೊ ನನ್ನ ಹತ್ತಿರ ಇವೆ, ಕಳಿಸುತ್ತೇನೆ.